ಉಗುರುಬಣ್ಣದ ಚುಕ್ಕೆ

ದರ್ಜಿ ಅಂಗಡಿಯ ಕನ್ನಡಿಯಲ್ಲಿ ಹಾಲು ಸುರಿಯುವ ಹೆಂಗಸು ಕಂಡಾಗ ಅವಳಿಗೆ ಮೊದಲು ಆದದ್ದು ಸಂತೋಷ. ಪರಸ್ಥಳದ ಬಸ್ಸಿನಲ್ಲಿ ತನ್ನ ಬೀದಿಯವರೇ ಪಕ್ಕದ ಸೀಟಿನಲ್ಲಿ ಸಿಕ್ಕಿಬಿಟ್ಟರೆ ಆಗುವಂಥದ್ದು. ಮೈಮೇಲೆ ಗಂಡನ ಹಳೆಯ ಉಣ್ಣೆಯ ಕೋಟು, ಅದರ ಹೆಗಲು ಅವಳ ಹೆಗಲಿಗಿಂತ ಎರಡೆರಡು ಬೆರಳು ಆಚೆ ಇಳಿದಿತ್ತು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡ ದರ್ಜಿಯ ಹೆಂಡತಿ ಹಿಂದೆ ನಿಂತು ಬಟ್ಟೆಯನ್ನು ಒಳಕ್ಕೆ ಮಡಿಸಿ ಚುಚ್ಚುತ್ತಿದ್ದಳು. ಕನ್ನಡಿಯಲ್ಲಿ, ಇವರಿಬ್ಬರ ತಲೆಗಳ ನಡುವಿನ ಸಂದಿನಲ್ಲಿ ಆ ಹಳದಿ ಕುಪ್ಪಸ, ಮೇಲಕ್ಕೆ ಸಿಕ್ಕಿಸಿದ ನೀಲಿ ಮುಂಬಟ್ಟೆ, ಮಣ್ಣಿನ ಹೂಜಿಯಿಂದ ನೂಲಿನ ಹಾಗೆ ಇಳಿಯುವ ಹಾಲು. ಬಲಗಡೆ ಕಿಟಕಿ. ಇಪ್ಪತ್ತೆರಡು ವರ್ಷಗಳಿಂದ ಅವಳು ಗುರುವಾರದ ಚಿತ್ರಕಲೆಯ ತರಗತಿಯಲ್ಲಿ ತೋರಿಸುತ್ತ ಬಂದದ್ದು ಇದನ್ನೇ, ಕಿಟಕಿ ಅಲ್ಲಿಯೇ ಇರಬೇಕಾದದ್ದು. ಇಷ್ಟು ಹತ್ತಿರದಲ್ಲಿ ಇದ್ದಳೇ ಇವಳು ಎಂದುಕೊಂಡು ಅವಳು ಹಿಂತಿರುಗಿ ನೋಡಿದಳು. ನೂಲಿನ ಉಂಡೆಗಳ ಕಪಾಟಿನ ಮೇಲೆ, ತಿಂಗಳಿನ ಹಾಳೆಗಳನ್ನೆಲ್ಲ ಕಿತ್ತು ಚಿತ್ರವನ್ನಷ್ಟೇ ಉಳಿಸಿದ ಹಳೆಯ ಕ್ಯಾಲೆಂಡರು. ಅದರಲ್ಲಿ ಕಿಟಕಿ ಎಡಗಡೆ ಇತ್ತು. ಅವಳು ಕನ್ನಡಿಗೆ ತಿರುಗಿದಳು, ಬಲಗಡೆ. ಗೋಡೆಗೆ ತಿರುಗಿದಳು, ಎಡಗಡೆ.

"ಅಲುಗಾಡಬೇಡಿ ಟೀಚರ್, ಚುಚ್ಚುತ್ತೆ," ಎಂದಳು ದರ್ಜಿಯ ಹೆಂಡತಿ, ಸೂಜಿಗಳ ನಡುವಿನಿಂದ.

"ಈ ಕ್ಯಾಲೆಂಡರಿನವರು ಚಿತ್ರಾನ ತಿರುವುಮುರುವು ಅಚ್ಚು ಹಾಕಿದಾರೆ," ಎಂದಳು ಅವಳು. ಮಾತು ತಾನಾಗಿಯೇ ಬಂತು, ಬಹಳ ಸಲ ಆಡಿ ನಯವಾದ ಮಾತು ಅದು. ಮೊದಲನೆಯ ಸಲ ಒಂದು ವಾರಪತ್ರಿಕೆಯ ಬೆನ್ನಪುಟದಲ್ಲಿ ಕಂಡಾಗ ಹೀಗೆಯೇ ಅಂದಿದ್ದಳು. ಆಮೇಲೆ ಯಾರದೋ ಮನೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಕಂಡಾಗ ಅಂದಿದ್ದಳು. ಅಚ್ಚಿನವರಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತೆ ಎಂದು ತರಗತಿಯಲ್ಲಿ ನಗಿಸಿಯೂ ಇದ್ದಳು. ಅಂದರೆ ಅವಳು ನೋಡಿಯೇ ಇರಲಿಲ್ಲ ಎಂದಲ್ಲ. ನೋಡಿದಾಗಲೆಲ್ಲ ತಪ್ಪು ಬೇರೆ ಯಾರದೋ ಆಗಿರುತ್ತಿತ್ತು.

"ಅಯ್ಯೋ, ಅದನ್ನ ನೋಡೇಬಿಟ್ರಾ!" ದರ್ಜಿಯ ಹೆಂಡತಿ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡಳು. "ಇವರು ಬಂದ್ರೆ ನನ್ನ ಬಿಡಲ್ಲ ಇವತ್ತು. ನೀವು ಬರೋ ದಿನ ಅದನ್ನ ಗೋಡೆ ಕಡೆ ಮುಖ ಮಾಡಿ ಹಾಕ್ತಾರೆ. ಇವತ್ತು ನೀವು ಹೇಳದೇ ಬಂದ್ರಿ, ಇವರು ನೋಡಿದ್ರೆ ಅಸ್ತರಿನ ಬಟ್ಟೆ ತರೋಕೆ ಹೋಗಿದಾರೆ."

"ಯಾಕೆ ಗೋಡೆ ಕಡೆ?"

"ನನಗೇನು ಗೊತ್ತು. ಹದಿನಾಲ್ಕು ವರ್ಷದಿಂದ ಇದೇ ಕತೆ. ಕೇಳಿದ್ರೆ, ಟೀಚರಿಗೆ ನೋಡಿ ಬೇಜಾರಾಗುತ್ತೆ ಅಂತಾರೆ. ನಾನಂದೆ, ಯಾಕ್ರೀ, ಅವರಿಗೆ ಹಾಲು ಕಂಡ್ರೆ ಆಗಲ್ವಾ ಅಂತ." ಅವಳು ನಕ್ಕಳು. ಬಳಿಕ ಕೋಟಿನ ಮುಂಭಾಗವನ್ನು ಎರಡೂ ಕೈಗಳಿಂದ ಹಿಡಿದು, "ಗುಂಡಿ ಗಂಡಸರ ಕಡೆ ಇದೆ. ಆ ಕಡೆಯಿಂದ ಈ ಕಡೆಗೆ ಹಾಕಿಬಿಡ್ಲಾ? ಇಲ್ಲಾ ಇರೋ ಕಡೆನೇ ಇರ್ಲಾ?" ಎಂದಳು.

ಯಾವ ಕಡೆ? ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹದಿನಾಲ್ಕು ವರ್ಷ ಎಂಬುದು ಮಾತ್ರ ಕಿವಿಯಲ್ಲಿ ಉಳಿದಿತ್ತು. ಆಮೇಲೆ ಹೇಳ್ತೀನಿ ಎಂದಳೋ, ಏನೂ ಹೇಳಲಿಲ್ಲವೋ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಹಿಂದಿನಿಂದ "ಟೀಚರ್, ಸೂಜಿ! ಟೀಚರ್!" ಎಂದು ಯಾರೋ ಕೂಗಿದ ಹಾಗಾಯಿತು. ಬೀದಿಯಲ್ಲಿ ಅವಳನ್ನು ಟೀಚರ್ ಎಂದು ಕೂಗುವವರು ಬಹಳ. ಅವಳು ಅಭ್ಯಾಸದಂತೆ ಕೈಯೆತ್ತಿ ಆಡಿಸಿ ಮುಂದೆ ನಡೆದಳು.

ಹದಿನಾಲ್ಕು ವರ್ಷದ ಹಿಂದೆ ದರ್ಜಿ ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಗ್ರಂಥಾಲಯದ ಮಹಡಿಯ ಆ ಕೋಣೆಗೆ ಯಾರು ಬೇಕಾದರೂ ಬರಬಹುದಿತ್ತು. ಹತ್ತು ವಾರ, ಹತ್ತು ಗುರುವಾರ, ಗುಹೆಯ ಗೋಡೆಯ ಕಾಡುಕೋಣದಿಂದ ಶುರುವಾಗಿ ಕ್ಯೂಬಿಸಂವರೆಗೆ. ನಿವೃತ್ತ ಗುಮಾಸ್ತರು, ಔಷಧಿ ಅಂಗಡಿಯವನು, ಮಳೆ ಬಂದರೆ ಒಳಗೆ ನುಗ್ಗಿ ಆಮೇಲೆ ಹತ್ತೂ ವಾರ ಉಳಿದವರು. ಅವರನ್ನು ಕಂಡರೆ ಅವಳಿಗೆ ಪ್ರೀತಿ. ಮೊನೆ ಎಂಬ ಫ್ರೆಂಚ್ ಚಿತ್ರಕಾರನ ಹುಲ್ಲಿನ ಬಣವೆಗಳನ್ನು ಒಂದಾದ ಮೇಲೊಂದು ತೋರಿಸಿ, ಇದು ಬೆಳಗಿನ ಬೆಳಕು, ಇದು ಸಂಜೆಯದು, ಇದು ಹಿಮ ಬಿದ್ದ ಮೇಲಿನದು ಎಂದು ವಿವರಿಸಿದರೆ, "ಒಂದೇ ಬಣವೆ ಎಷ್ಟು ಸಲ ಬರೀತಾನೆ ಟೀಚರ್, ಮನೇಲಿ ಕೇಳೋರು ಯಾರೂ ಇರ್ಲಿಲ್ವಾ?" ಎನ್ನುತ್ತಿದ್ದರು. ಕ್ಯೂಬಿಸಂನ ಒಡೆದು ಜೋಡಿಸಿದ ಮುಖಗಳನ್ನು ತೋರಿಸಿದರೆ ಒಬ್ಬ ಬಸ್ ಚಾಲಕ, "ಬ್ರೇಕ್ ಹಿಡೀದೇ ಹೋದಾಗ ಎದುರಿನವರು ಹೀಗೇ ಕಾಣಿಸ್ತಾರೆ," ಎಂದಿದ್ದ. ಅದು ನಿಜವಾಗಿಯೂ ಒಳ್ಳೆಯ ವಿವರಣೆ ಎನಿಸಿ ಅವಳು ಮುಂದಿನ ವರ್ಷಗಳಲ್ಲಿ ಅದನ್ನೇ ಬಳಸಿದ್ದಳು. ನಾಲ್ಕನೆಯ ಗುರುವಾರ ಡಚ್ ಚಿತ್ರಕಾರ ವರ್ಮೀರ್. ಮುನ್ನೂರು ವರ್ಷಕ್ಕೂ ಹಿಂದಿನವನು, ಉಳಿದಿರುವ ಚಿತ್ರಗಳು ಮೂವತ್ತೈದರ ಆಸುಪಾಸು, ಹೆಚ್ಚಿನವು ಒಂದು ಕೋಣೆ, ಒಂದು ಕಿಟಕಿ, ಒಬ್ಬಳು ಹೆಂಗಸು. ಕಿಟಕಿ ಸಾಮಾನ್ಯವಾಗಿ ಎಡಗಡೆ. ಇದನ್ನು ಎರಡು ಮೂರು ಚಿತ್ರಗಳಲ್ಲಿ ತೋರಿಸಿ ಕೊನೆಗೆ ಅವಳು ಹಾಲು ಸುರಿಯುವವಳನ್ನು ಹಾಕಿ ಸುಮ್ಮನೆ ನಿಲ್ಲುತ್ತಿದ್ದಳು. ಇಲ್ಲಿ ಮಾತ್ರ ಯಾಕೆ ಬೆಳಕು ಬಲದಿಂದ ಬಂತು? ಯಾಕೆಂದರೆ ಇವಳು ಎಡಗೈಯವಳು. ಹೂಜಿಯ ಹಿಡಿ ಎಡಗೈಯಲ್ಲಿದೆ, ಕೈಯ ನೆರಳು ಕೆಲಸದ ಮೇಲೆ ಬೀಳಬಾರದೆಂದು ಚಿತ್ರಕಾರ ಇಡೀ ಕೋಣೆಯನ್ನೇ ಅವಳಿಗಾಗಿ ತಿರುಗಿಸಿದ. ಒಬ್ಬ ಕೆಲಸದವಳಿಗಾಗಿ. ಈ ಮಾತಿಗೆ ಬಂದಾಗ ಪ್ರತಿ ವರ್ಷವೂ ಅವಳ ಗಂಟಲು ತುಸು ಕಟ್ಟುತ್ತಿತ್ತು. ಎದುರಿಗಿದ್ದವರದೂ.

ಆ ಮೌನದಲ್ಲಿ ದರ್ಜಿ ಕೈಯೆತ್ತಿದ್ದ. "ಟೀಚರ್, ತಪ್ಪು ತಿಳೀಬೇಡಿ. ಇದು ಒಳಬದಿ ಹೊರಗೆ ಬಂದಿದೆ ಅನ್ಸುತ್ತೆ. ಉಳಿದದ್ದೆಲ್ಲಾ ಆ ಕಡೆ ಇದೆ, ಇದೊಂದೇ ಈ ಕಡೆ." ಅವಳು ಆಗ ಏನು ಹೇಳಿದಳೆಂಬುದು ಅಕ್ಷರ ಅಕ್ಷರ ನೆನಪಿದೆ. "ಇದು ಪೈಜಾಮ ಅಲ್ಲಪ್ಪ, ಒಳಬದಿ ಹೊರಬದಿ ನೋಡೋಕೆ." ಕೋಣೆ ನಕ್ಕಿತು. ದರ್ಜಿಯೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಉಳಿದ ಆರು ವಾರವೂ ಅವನು ತಪ್ಪದೆ ಬಂದ, ಮತ್ತೆ ಕೈಯೆತ್ತಲಿಲ್ಲ. ಆಮೇಲೆ ಬಟ್ಟೆ ಹೊಲಿಸಲು ಹೋದಾಗಲೆಲ್ಲ ಎದ್ದು ನಿಂತು ಕುರ್ಚಿ ಒರೆಸಿ ಕೊಡುತ್ತಿದ್ದ. ಪಾಪ, ಮರೆತಿದ್ದಾನೆ ಎಂದು ಅವಳು ಹಗುರಾಗಿದ್ದಳು. ಮರೆತವನು ಹದಿನಾಲ್ಕು ವರ್ಷ ಒಂದು ಕ್ಯಾಲೆಂಡರನ್ನು ತಿರುಗಿಸಿ ಹಾಕುತ್ತಿದ್ದ! ಅವಳು ಬರುವ ದಿನ ಮೊದಲೇ ಸ್ಟೂಲಿನ ಮೇಲೆ ಹತ್ತಿ, ಚಿತ್ರದ ಮುಖವನ್ನು ಗೋಡೆಗೆ ಮಾಡಿ, ಇಳಿದು, ಕುರ್ಚಿ ಒರೆಸಿ. ಅವಳಿಗೆ ಅಲ್ಲಿ ಕಂಡದ್ದು ಬರೀ ಬಿಳಿ ರಟ್ಟು. ಈ ಬಿಳಿ ರಟ್ಟನ್ನು ಯಾಕೆ ತೂಗುಹಾಕಿದ್ದಾನೆ ಎಂದು ಒಂದು ಸಲವಾದರೂ ಕೇಳಬಹುದಿತ್ತು. ಚಿತ್ರ ನೋಡುವುದನ್ನು ಕಲಿಸುವವಳು.

ಮನೆಗೆ ಬಂದು ಕೋಟನ್ನು ಬಿಚ್ಚದೆಯೇ ಅಲಮಾರದಿಂದ ಸ್ಲೈಡುಗಳ ಡಬ್ಬಿ ಇಳಿಸಿದಳು. ಬೆಂಕಿಪೆಟ್ಟಿಗೆಯಷ್ಟು ಅಗಲದ ರಟ್ಟಿನ ಚೌಕಟ್ಟುಗಳು, ನಡುವೆ ಉಗುರಿನಷ್ಟು ಚಿತ್ರ. ಎಲ್ಲವೂ ಗಂಡನ ಕೈಕೆಲಸ. ಸಂಜೆ ತಮ್ಮ ಫೋಟೊ ಸ್ಟುಡಿಯೊ ಮುಚ್ಚಿ ಬಂದ ಮೇಲೆ, ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕಗಳ ಪುಟಗಳ ಮೇಲೆ ಗಾಜು ಹೇರಿ, ಉಸಿರು ಹಿಡಿದು ಫೋಟೊ ತೆಗೆಯುತ್ತಿದ್ದರು. ಪ್ರತಿ ಚೌಕಟ್ಟಿನ ಒಂದು ಮೂಲೆಗೆ ಕೆಂಪು ಶಾಯಿಯ ಒಂದು ಚುಕ್ಕೆ. ಪ್ರೊಜೆಕ್ಟರಿನ ತಟ್ಟೆಗೆ ಹಾಕುವಾಗ ಬಲಗೈ ಹೆಬ್ಬೆರಳು ಆ ಚುಕ್ಕೆಯ ಮೇಲೆ ಕೂರಬೇಕು. ಕೂತರೆ ಚಿತ್ರ ಗೋಡೆಯ ಮೇಲೆ ನೆಟ್ಟಗೆ ಮೂಡುತ್ತದೆ. ಕತ್ತಲಲ್ಲೂ ನಿನ್ನ ಹೆಬ್ಬೆರಳಿಗೆ ಗೊತ್ತಾಗಬೇಕು, ಅದಕ್ಕೇ ಶಾಯಿ ಸ್ವಲ್ಪ ಗಟ್ಟಿ ಮಾಡಿ ಇಟ್ಟಿದೀನಿ ಎಂದಿದ್ದರು. ದಾರಿಯುದ್ದಕ್ಕೂ ಅವಳು ಅವರ ಮೇಲೆ ಕೋಪ ಮಾಡಿಕೊಂಡು ಬಂದಿದ್ದಳು. ನೀವು ಚುಕ್ಕೆ ಇಟ್ಟ ಕಡೆ ನಾನು ಹೆಬ್ಬೆರಳು ಇಟ್ಟೆ, ನೋಡಿ ಈಗ. ಒಂಬತ್ತು ವರ್ಷದ ಹಿಂದೆ ಸತ್ತವರ ಜೊತೆ ಜಗಳವಾಡುವುದರಲ್ಲಿ ಒಂದು ಅನುಕೂಲವಿತ್ತು, ಅವರು ಮೊದಲಿನ ಹಾಗೆಯೇ ಎದುರಾಡುತ್ತಿರಲಿಲ್ಲ. ಆದರೆ ಹಾಲು ಸುರಿಯುವವಳ ಚೌಕಟ್ಟನ್ನು ಕಿಟಕಿಯ ಬಳಿ ಹಿಡಿದಾಗ ಆ ಚುಕ್ಕೆ ಶಾಯಿಯದಾಗಿರಲಿಲ್ಲ. ಹೊಳೆಯುತ್ತಿತ್ತು. ಉಗುರುಬಣ್ಣ.

ಆಗ ಮದುವೆಯಾಗದೆ ಇವರ ಮನೆಯಲ್ಲೇ ಇದ್ದ ತಂಗಿಯ ಉಗುರುಬಣ್ಣ. ಮೊದಲನೆಯ ವರ್ಷದ ತರಗತಿಗೆ ಮುಂಚೆ, ಗಂಡನಿಗೆ ಜ್ವರ ಬಂದು ಮಲಗಿದ್ದ ವಾರ, ಈ ಸ್ಲೈಡಿನ ರಟ್ಟು ಬಿರಿದು ಚಿತ್ರ ಕೈಗೆ ಬಂದಿತ್ತು. ಎಬ್ಬಿಸುವುದು ಬೇಡವೆಂದು ಊಟದ ಮೇಜಿನ ಮೇಲೆ ತಾನೇ ಹೊಸ ಚೌಕಟ್ಟಿಗೆ ಅಂಟಿಸಿ, ಶಾಯಿ ಸಿಗದೆ, ತಂಗಿಯ ಬಾಟಲಿಯಿಂದ ಒಂದು ತೊಟ್ಟು ಇಟ್ಟವಳು ಅವಳೇ. ತಂಗಿ, "ಅಕ್ಕಾ, ಅದು ದುಬಾರಿದು!" ಎಂದು ಕೂಗಿದ್ದಳು. ಅಷ್ಟೂ ನೆನಪಿದೆ, ಆದರೆ ಚಿತ್ರದ ಯಾವ ಬದಿ ಮೇಲಿತ್ತು ಎಂಬುದು ಮಾತ್ರ ಇಲ್ಲ. ಅದಾದ ಮೇಲೆ ಎಷ್ಟೋ ವರ್ಷ ಗಂಡನೇ ಕೋಣೆಯ ಹಿಂದೆ ಕೂತು ಯಂತ್ರ ನಡೆಸಿದ್ದರು. ಪುಸ್ತಕದ ಆ ಪುಟವನ್ನು ತನ್ನ ಕಣ್ಣಿನಿಂದಲೇ ಹಿಡಿದ ಮನುಷ್ಯನಿಗೆ ಗೋಡೆಯ ಮೇಲಿನ ತಪ್ಪು ಕಂಡಿರಲಿಲ್ಲವೇ? ಒಂದು ದಿನ ಕಾಫಿ ಲೋಟದೊಳಗೆ ನೋಡುತ್ತ, "ನಿನ್ನ ಹಾಲಿನವಳನ್ನ ಒಂದ್ಸಲ ತೆಗೆದು ನೋಡ್ಬೇಕಲ್ಲ ನಾನು," ಎಂದಿದ್ದರು. "ಅದನ್ನ ಮಾತ್ರ ಮುಟ್ಟಬೇಡಿ, ಅದು ಎಲ್ಲಕ್ಕಿಂತ ಚೆನ್ನಾಗಿ ಬರ್ತಿದೆ," ಎಂದಿದ್ದಳು ಇವಳು. ಅವರು ಆಯ್ತು ಎಂದು ಕಾಫಿ ಕುಡಿದರು. ಅವಳು ಆ ಆಯ್ತು ಎನ್ನುವುದನ್ನು ಈಗ ತಿರುಗಿಸಿ ತಿರುಗಿಸಿ ನೋಡಿದಳು. ಯಾವ ಬದಿ ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯಲಿಲ್ಲ. ಇಬ್ಬರು ಗಂಡಸರು ತನಗೆ ಬೇಜಾರಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಇದಕ್ಕೆ ಕೃತಜ್ಞಳಾಗಬೇಕೋ ಸಿಟ್ಟಾಗಬೇಕೋ? ಮಗುವಿನ ಬಾಯಿಂದ ಚಮಚ ಕಿತ್ತರೆ ಅಳುತ್ತದೆಂದು ಬಿಟ್ಟ ಹಾಗೆ ಬಿಟ್ಟಿದ್ದರೇ ತನ್ನನ್ನು? ಹೆಬ್ಬೆರಳಿನ ಉಗುರು ಆ ಚುಕ್ಕೆಯನ್ನು ಕೆರೆಯುತ್ತಲೇ ಇತ್ತು. ಅವಳಿಗೆ ಅದು ಗೊತ್ತಿರಲಿಲ್ಲ.

ಇವತ್ತು ಗುರುವಾರ, ನಾಲ್ಕನೆಯದು. ಎರಡು ವಾರದ ಹಿಂದೆ ತರಗತಿ ಮುಗಿದ ಮೇಲೆ ದಾದಿಯೊಬ್ಬಳು ಉಳಿದುಕೊಂಡಿದ್ದಳು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುವವಳು, ಬೆಳಕು ಆರಿಸಿದ ಕೂಡಲೇ ತೂಕಡಿಸಿ, ಯಾರಾದರೂ ನಕ್ಕಾಗ ಎಚ್ಚೆತ್ತು ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳುವವಳು. ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ ಪರಿಚಯದ ಹಾಳೆಯಲ್ಲಿ 'ಒಬ್ಬ ಎಡಗೈ ಹೆಂಗಸಿಗಾಗಿ ತಿರುಗಿ ನಿಂತ ಕೋಣೆ' ಎಂಬ ಸಾಲು ಓದಿ ಸೇರಿದೆ ಎಂದಳು. "ನನ್ನದೂ ಎಡಗೈ. ಶಾಲೆಗೆ ಹೋಗೋ ಮೊದಲು ಅಮ್ಮ ದಿನಾ ಟವಲಿನಲ್ಲಿ ಕೈಯನ್ನ ಕುರ್ಚಿಗೆ ಕಟ್ಟಿ, ಬಲಗೈಲಿ ಬರೆಸ್ತಿದ್ಲು. ಅಮ್ಮನೇನು ಕೆಟ್ಟವಳಲ್ಲ ಟೀಚರ್. ಬಿಚ್ಚಿದ ಮೇಲೆ ತಾನೇ ಎಣ್ಣೆ ಹಚ್ಚಿ ಉಜ್ಜೋಳು. ಈಗಲೂ ನಾನು ಎಡಗೈಲಿ ಸೂಜಿ ಹಾಕ್ತೀನಿ ಅಂದ್ರೆ ಅವಳ ಮುಖ ನೋಡ್ಬೇಕು. ನಾಲ್ಕನೇ ವಾರ ಅವಳನ್ನ ಕರ್ಕೊಂಡು ಬರ್ಲಾ? ನೋಡ್ಲಿ ಅಂತ. ನಾನು ಹೇಳಿದ್ರೆ ಕೇಳಲ್ಲ. ಚಿತ್ರ ಹೇಳಿದ್ರೆ ಕೇಳಬಹುದು." ಅವಳು, ಖಂಡಿತ ಕರ್ಕೊಂಡು ಬಾರಮ್ಮಾ ಎಂದು ದಾದಿಯ ಎಡಗೈಯನ್ನು ಹಿಡಿದು ಅದುಮಿದ್ದಳು. ಆ ಅದುಮುವಿಕೆ ಈಗ ಅಂಗೈಯಲ್ಲಿ ಅಂಟಿಕೊಂಡಿತ್ತು. ಇಲ್ಲದ ಒಂದು ವಸ್ತುವನ್ನು ಆ ಕೈಗೆ ಕೊಟ್ಟುಬಿಟ್ಟಿದ್ದಾಳೆ.

ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಎಡ ಹೆಗಲಿನಲ್ಲಿ ಏನೋ ಚುಚ್ಚಿತು. ವಯಸ್ಸು ಎಂದುಕೊಂಡಳು. ಸುಮ್ಮನಿದ್ದರಾಯಿತು ಎಂದು ಒಂದು ಮೆಟ್ಟಿಲಿನಲ್ಲಿ ಅನಿಸಿತು. ಹೇಳಿದರೆ ಯಾರಿಗೆ ಏನು ಸಿಗುತ್ತದೆ? ಚಿತ್ರ ಎಲ್ಲೋ ದೂರದ ಸಂಗ್ರಹಾಲಯದಲ್ಲಿ ತನ್ನ ಪಾಡಿಗೆ ಸರಿಯಾಗಿಯೇ ಇದೆ. ಇಲ್ಲಿ ಒಬ್ಬ ತಾಯಿ ಮಗಳ ಕೈಯನ್ನು ಒಂದು ಸಲ ಬೇರೆ ರೀತಿ ನೋಡಬಹುದು, ಅಷ್ಟಕ್ಕೆ ಸುಳ್ಳು ಒಂದು ವಾರ ಹೆಚ್ಚು ಬದುಕಿದರೆ ಏನು? ಇನ್ನೊಂದು ಮೆಟ್ಟಿಲಿನಲ್ಲಿ, ಇದು ದಾದಿಗಾಗಿಯೋ ನಿನಗಾಗಿಯೋ ಎಂದು ಕೇಳಿಕೊಂಡಳು. ಇಪ್ಪತ್ತೆರಡು ವರ್ಷ ಗಂಟಲು ಕಟ್ಟಿದ್ದು ಯಾರ ಕಾರಣಕ್ಕೆ? ಆ ಕೆಲಸದವಳ ಮೇಲಿನ ಮರುಕದಿಂದಲೋ, ತನ್ನ ಮಾತು ತನಗೇ ಚೆನ್ನಾಗಿ ಕೇಳಿಸಿದ್ದರಿಂದಲೋ? ಮೇಲಿನ ಮೆಟ್ಟಿಲು ಬಂದಾಗ ಯಾವ ಉತ್ತರ ಯಾವ ಪ್ರಶ್ನೆಯದು ಎಂಬುದು ಕಲೆಸಿಹೋಗಿತ್ತು.

ದಾದಿಯ ತಾಯಿ ಮೊದಲ ಸಾಲಿನಲ್ಲಿ ಕೂತಿದ್ದಳು. ಅಗಲ ಭುಜದ, ಸಣ್ಣ ಕಣ್ಣಿನ ಹೆಂಗಸು, ಬಸ್ಸಿನಲ್ಲಿ ಕೂತ ಹಾಗೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಇವರು ಮೂವತ್ತು ವರ್ಷ ಹಾಸ್ಟೆಲಿನ ಅಡುಗೆಮನೇಲಿ ಇದ್ರು ಟೀಚರ್," ಎಂದು ದಾದಿ ಪರಿಚಯ ಮಾಡಿಸಿದಳು. ತಾಯಿ, "ಕುರ್ಚಿ ಗಟ್ಟಿ ಇದೆ," ಎಂದಳು. ಅದು ದೂರೋ ಹೊಗಳಿಕೆಯೋ ಗೊತ್ತಾಗಲಿಲ್ಲ. ದೀಪ ಆರಿತು. ಅವಳು ಬೆಳಕಿನ ಬಗ್ಗೆ ಮಾತಾಡಿದಳು. ಪತ್ರ ಓದುವವಳು, ಕಿಟಕಿ ಎಡಗಡೆ. ತಕ್ಕಡಿ ಹಿಡಿದವಳು, ಕಿಟಕಿ ಎಡಗಡೆ. ಮುತ್ತಿನ ಹಾರ ಹಿಡಿದು ನಿಂತವಳು, ಎಡಗಡೆ. ತನ್ನ ದನಿ ತನಗಿಂತ ಅರ್ಧ ಹೆಜ್ಜೆ ಮುಂದೆ ಹೋಗುತ್ತಿದ್ದಂತೆ ಅನಿಸಿತು, ಅದಕ್ಕೆ ದಾರಿ ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯ ಸ್ಲೈಡು ತಟ್ಟೆಯಲ್ಲಿರಲಿಲ್ಲ, ಕೋಟಿನ ಜೇಬಿನಲ್ಲಿತ್ತು. ತೆಗೆದು ಹೆಬ್ಬೆರಳಿನಿಂದ ಮೂಲೆ ಹುಡುಕಿದಳು. ಮೂಲೆ ನುಣ್ಣಗಿತ್ತು. ಇನ್ನೊಂದು ಮೂಲೆ, ಅದೂ ನುಣ್ಣಗೆ. ನಾಲ್ಕೂ ಮೂಲೆಗಳು ಒಂದೇ ಆಗಿಬಿಟ್ಟಿದ್ದವು. ಅಂದಾಜಿನ ಮೇಲೆ ಹಾಕಿದಾಗ ಗೋಡೆಯ ಮೇಲೆ ಹಾಲು ನೆಲದಿಂದ ಆಕಾಶಕ್ಕೆ ಸುರಿಯಿತು. "ಟೀಚರ್, ಇದು ಯಾವ ಇಸಂ?" ಎಂದು ಹಿಂದಿನಿಂದ ಯಾರೋ ಕೇಳಿದರು, ಎಲ್ಲರೂ ನಕ್ಕರು. ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ. ಹೀಗೆ ತಡವಾಗಿ ನಗುವುದು ಹೇಗಿರುತ್ತದೆ ಎಂದು ಅವಳಿಗೆ ಈಗ ತಿಳಿಯಿತು. ಮತ್ತೆ ತೆಗೆದು ಹಾಕಿದಳು. ಈ ಸಲ ಹೆಂಗಸು ನೆಟ್ಟಗೆ ನಿಂತಳು. ಕಿಟಕಿ ಬಲಗಡೆ. ಅದೇ ಹಳೆಯ ಕೋಣೆ, ಅದೇ ತಪ್ಪು, ಎಷ್ಟು ಸುಂದರ.

"ನೋಡಮ್ಮ," ದಾದಿ ಪಿಸುಗುಟ್ಟಿದಳು. "ಹಿಡಿ ಯಾವ ಕೈಲಿದೆ ನೋಡು."

ತಾಯಿ ಮುಂದಕ್ಕೆ ಬಾಗಿದಳು. ಇಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಎಲ್ಲರೂ ಸುಖವಾಗಿದ್ದರು, ಇಡೀ ಕೋಣೆ ಹಾಲಿನ ಸದ್ದು ಕೇಳಿಸಿಕೊಳ್ಳುವವರಂತೆ ಸುಮ್ಮನಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ನಿಂತಿರುವುದು ಕಂಡಿತು. ಮೆಟ್ಟಿಲು ಓಡಿ ಹತ್ತಿದ ಏದುಸಿರು. ದರ್ಜಿ. ಕುತ್ತಿಗೆಯಲ್ಲಿ ಅಳತೆಪಟ್ಟಿ, ಕೈಯಲ್ಲಿ ಸೂಜಿಯ ಡಬ್ಬಿ. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಈ ಕೋಣೆಗೆ ಬಂದವನು ಗೋಡೆಯ ಚಿತ್ರವನ್ನು ಒಂದು ಕ್ಷಣ ನೋಡಿ, ತಟ್ಟನೆ ತಲೆ ತಗ್ಗಿಸಿ ನೆಲ ನೋಡತೊಡಗಿದ. ನೋಡಲೇ ಇಲ್ಲವೆಂಬಂತೆ. ಬಟ್ಟೆ ಬದಲಿಸುವವರ ಕೋಣೆಯ ಬಾಗಿಲು ಅಕಸ್ಮಾತ್ತಾಗಿ ತೆರೆದಾಗ ಸಭ್ಯರು ಮಾಡುವಂತೆ. ಬೈದಿದ್ದರೆ, ನಕ್ಕಿದ್ದರೆ, ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಆ ತಗ್ಗಿದ ತಲೆಯನ್ನು ತಡೆದುಕೊಳ್ಳಲಾಗಲಿಲ್ಲ.

"ಒಳಗೆ ಬನ್ನಿ," ಎಂದಳು. "ಇವರು ನಮ್ಮ ಬೀದಿಯ ದರ್ಜಿ. ಹದಿನಾಲ್ಕು ವರ್ಷದ ಹಿಂದೆ ಈ ಚಿತ್ರ ನೋಡಿ ಇವರು ನನಗೆ ಒಂದು ಮಾತು ಹೇಳಿದ್ರು. ಅದನ್ನ ಇನ್ನೊಂದ್ಸಲ ಹೇಳಿ."

"ನೆನಪಿಲ್ಲ ಟೀಚರ್. ನಾನು ಸೂಜಿಗೋಸ್ಕರ ಬಂದೆ. ನಿಮ್ಮ ಹೆಗಲಲ್ಲಿ ನಾಲ್ಕು ಸೂಜಿ ಹಾಗೇ ಇದೆ, ನಮ್ಮವಳು ಕೂಗಿದ್ರೂ ನೀವು ತಿರುಗಲಿಲ್ಲವಂತೆ."

"ಸುಳ್ಳು ಹೇಳಬೇಡಿ. ಹೇಳಿ."

ದರ್ಜಿ ಕಪ್ಪು ತಲೆಗಳ ಸಾಲನ್ನು ನೋಡಿದ. ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ. "ಒಳಬದಿ ಹೊರಗೆ ಬಂದಿದೆ ಅನ್ಸುತ್ತೆ ಅಂದಿದ್ದೆ. ಅಷ್ಟೇ. ಅದೇನು ದೊಡ್ಡ ವಿಷಯ ಅಲ್ಲ. ನನಗೂ ಇದೇ ಅಭ್ಯಾಸ ಆಗಿತ್ತು."

"ಇವರು ಹೇಳಿದ್ದು ಸರಿ," ಎಂದಳು ಅವಳು ಕತ್ತಲಿಗೆ. "ನಾನು ಇವರನ್ನ ನೋಡಿ ಎಲ್ಲರೂ ನಗೋ ಹಾಗೆ ಮಾಡಿದೆ. ಈ ಚಿತ್ರ ತಿರುವುಮುರುವಾಗಿದೆ. ತಿರುಗಿಸಿದ್ದು ನಾನೇ. ಚಿತ್ರಕಾರ ಯಾರಿಗೋಸ್ಕರವೂ ಕೋಣೆ ತಿರುಗಿಸಲಿಲ್ಲ. ಅದು ನಾನು ಕಟ್ಟಿದ ಕತೆ." ಇನ್ನೂ ಏನೋ ಹೇಳಬೇಕಿತ್ತು, ಕ್ಷಮಿಸಿ ಎಂಬ ಪದ ಎಲ್ಲೋ ಹತ್ತಿರದಲ್ಲೇ ಇತ್ತು, ಆದರೆ ಯಂತ್ರದಿಂದ ತೆಗೆದ ಸ್ಲೈಡನ್ನು ಅತ್ತ ಇತ್ತ ಹೊರಳಿಸುತ್ತ ಅವಳು ಮತ್ತೆ ಗೊಂದಲಕ್ಕೆ ಬಿದ್ದಳು. ಯಾವುದು ಈಗ ತೆಗೆದ ಬದಿ? ಯಂತ್ರಕ್ಕೆ ತಲೆಕೆಳಗಾಗಿ ಹಾಕಿದರೇ ಗೋಡೆಯ ಮೇಲೆ ನೆಟ್ಟಗೆ, ಆದರೆ ಯಾವ ಬದಿ ಮುಂದಕ್ಕೆ? ದರ್ಜಿ ನಿಧಾನವಾಗಿ ಕೈ ಚಾಚಿದ. ಅವಳು ಕೊಟ್ಟಳು. ಅವನು ಅದನ್ನು ಯಂತ್ರದ ಬೆಳಕಿಗೆ ಹಿಡಿದು, ಬಟ್ಟೆಯ ಅಂಚು ಹಿಡಿಯುವಂತೆ ಎರಡು ಬೆರಳಲ್ಲಿ ಹಿಡಿದು, ಒಂದು ಸಲ ಮಗುಚಿ, ಮತ್ತೆ ಬುಡಮೇಲು ಮಾಡಿ ಅವಳ ಕೈಗಿಟ್ಟ. "ಹೀಗೇ ಇಳಿಸಿ." ಅವಳು ಇಳಿಸಿದಳು.

ಕಿಟಕಿ ಎಡಕ್ಕೆ ಹೋಯಿತು. ಅಷ್ಟೇ ಆದದ್ದು. ಅದೇ ಹೆಂಗಸು, ಅದೇ ಹಳದಿ, ಗೋಡೆಯಲ್ಲಿ ಅದೇ ಮೊಳೆ. ಆದರೆ ಅವಳಿಗೆ ಅಪರಿಚಿತರ ಮನೆಯೊಳಗೆ ನಿಂತ ಹಾಗೆ ಆಯಿತು, ಯಾವ ಪಾತ್ರೆ ಎಲ್ಲಿದೆ ತಿಳಿಯದ ಅಡುಗೆಮನೆ. "ಹಾಗಾದ್ರೆ ಇವಳು ಎಡಗೈಯವಳಲ್ವಾ?" ಎಂದಳು ದಾದಿ. ಮಾತ್ರೆ ಕೊಡುವಾಗ ರೋಗಿಯ ಹತ್ತಿರ ಮಾತಾಡುವ ಸಮಾಧಾನದ ದನಿ ಅದು. ಆ ದನಿಯನ್ನು ಅವಳು ಈಗ ಟೀಚರಿಗಾಗಿಯೇ ಬಳಸುತ್ತಿದ್ದಾಳೆ ಎನ್ನುವುದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಅಲ್ಲಮ್ಮ," ಎಂದಳು ಅವಳು. "ಹಿಡಿ ಹಿಡಿದದ್ದು ಬಲಗೈ."

ಬಾಗಿ ಕೂತಿದ್ದ ತಾಯಿ ಇನ್ನೂ ಹಾಗೆಯೇ ಇದ್ದಳು. ಚಿತ್ರ ಬದಲಾದದ್ದನ್ನು ಗಮನಿಸಿದಳೋ ಇಲ್ಲವೋ. "ಹೂಜಿ ತುಂಬಿದೆ," ಎಂದಳು. ಯಾರಿಗೆಂದು ಇಲ್ಲ. "ಸಣ್ಣಗೆ ಬೀಳ್ತಿದೆಯಲ್ಲ, ಅದಕ್ಕೇ ಹೇಳಿದ್ದು. ತುಂಬಿದ್ದನ್ನ ಇಷ್ಟು ಸಣ್ಣಗೆ ಸುರೀಬೇಕಾದ್ರೆ ಹಿಡಿ ಹಿಡಿದ ಕೈಯಿಂದ ಆಗಲ್ಲ. ಆ ಕೈ ಸುಮ್ನೆ ಬಗ್ಗಿಸುತ್ತೆ, ಅಷ್ಟೇ. ತಡೆಯೋದು ಕೆಳಗಿನ ಕೈ. ಭಾರ ಎಲ್ಲಾ ಅದರದ್ದೇ." ಅವಳು ಚೀಲವನ್ನು ಬಿಟ್ಟು ತನ್ನ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ, ಇಲ್ಲದ ಒಂದು ಪಾತ್ರೆಯನ್ನು ಹಿಡಿದು ತೋರಿಸಿದಳು. ಬಲಗೈ ಮೇಲೆ, ಎಡಗೈ ಕೆಳಗೆ, ಅಂಗೈ ಅಗಲವಾಗಿ. ಆಮೇಲೆ ಆ ಕೆಳಗಿನ ಕೈಯನ್ನೇ ನೋಡುತ್ತ ಕೂತಳು. ಅದನ್ನು ಇಳಿಸಲಿಲ್ಲ. ದಾದಿಯೂ ಅದನ್ನೇ ನೋಡುತ್ತಿದ್ದಳು. ತಾಯಿ ಮಗಳ ಕಡೆ ತಿರುಗಲಿಲ್ಲ, ಮಗಳು ತಾಯಿಯ ಕಡೆ ತಿರುಗಲಿಲ್ಲ.

ಇಪ್ಪತ್ತೆರಡು ವರ್ಷ ಅವಳು ಹಿಡಿಯನ್ನು ನೋಡಿದ್ದಳು. ಕೆಳಗೆ ಇನ್ನೊಂದು ಕೈ ಇದೆ ಎಂದು ಗೊತ್ತಿತ್ತು, ಆದರೆ ಅದರ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ತಾಯಿ ಇದನ್ನು ಕಂಡು ಹೇಳಿದಳೋ, ಮಗಳ ಮೇಲಿನ ಮರುಕದಿಂದ ಹೇಳಿದಳೋ, ಟೀಚರನ್ನು ಕಾಪಾಡಲು ಹೇಳಿದಳೋ, ಅಥವಾ ಅಡುಗೆಮನೆಯವಳೊಬ್ಬಳು ಇನ್ನೊಬ್ಬ ಅಡುಗೆಮನೆಯವಳನ್ನು ನೋಡಿ ಸುಮ್ಮನೆ ಹೇಳಿದ್ದೋ? ಅವಳಿಗೆ ಗೊತ್ತಾಗಲಿಲ್ಲ. ಮಾತಾಡಲು ಎರಡು ಹೆಜ್ಜೆ ಮುಂದೆ ಬಂದವಳು ಯಂತ್ರದ ಬೆಳಕಿನ ನಡುವೆಯೇ ನಿಂತುಬಿಟ್ಟಿದ್ದಳು. ಗಂಡನ ಕೋಟಿನ ತೋಳಿನ ಮೇಲೆ ನೀಲಿ ಬಿದ್ದಿತ್ತು, ಎದೆಯ ಮೇಲೆ ಬ್ರೆಡ್ಡಿನ ಬುಟ್ಟಿ, ಮಣಿಕಟ್ಟಿನ ಬಳಿ ಬಿಳಿಯ ಒಂದು ಎಳೆ ಬೀಳುತ್ತಲೇ ಇತ್ತು, ತುಂಬುತ್ತಿರಲಿಲ್ಲ.

"ಅಲುಗಾಡಬೇಡಿ," ಎಂದ ದರ್ಜಿ ಹಿಂದಿನಿಂದ. ಅವನ ಬೆರಳು ಹೆಗಲು ಮುಟ್ಟಿತು. ಒಂದು ಸೂಜಿ ಬಂತು, ಡಬ್ಬಿಯಲ್ಲಿ ಸಣ್ಣ ಸದ್ದಾಯಿತು. ಎರಡನೆಯದು. ಮೂರನೆಯದು ಚುಚ್ಚಿದ್ದ ಕಡೆ ಬಟ್ಟೆಯನ್ನು ಅವನು ಮೊದಲು ಮೆಲ್ಲಗೆ ಎತ್ತಿ ಹಿಡಿದ. ತರಗತಿ ಇಡೀ ಇದನ್ನು ಪಾಠದ ಭಾಗವೆಂಬಂತೆ ನೋಡುತ್ತಿತ್ತು. "ಇನ್ನೊಂದಿದೆ," ಎಂದ. ಅದನ್ನೂ ತೆಗೆದ ಮೇಲೆ, ಇಡೀ ಕೋಣೆಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಗುಂಡಿ ಯಾವ ಕಡೆ ಇರ್ಲಿ ಅಂತ ನಮ್ಮವಳು ಕೇಳಿದ್ದಳಂತೆ. ನೀವು ಹೇಳಲಿಲ್ಲ," ಎಂದ.

ಅವಳು ಕೋಟಿನ ಅಂಚುಗಳನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಬಲವನ್ನು ಎಡದ ಮೇಲೆ, ಆಮೇಲೆ ಎಡವನ್ನು ಬಲದ ಮೇಲೆ ತಂದು ನೋಡಿದಳು. ಗೋಡೆಯ ಮೇಲೆ ಅವಳ ನೆರಳೂ ಹಾಗೆಯೇ ಮಾಡಿತು.

"ನನಗೆ ಗೊತ್ತಾಗ್ತಿಲ್ಲ," ಎಂದಳು. ಆ ಕೋಣೆಯಲ್ಲಿ ಆ ಮಾತನ್ನು ಅವಳು ಹಿಂದೆ ಯಾವತ್ತೂ ಆಡಿರಲಿಲ್ಲ. "ನೀವೇ ನೋಡಿ ಹೇಳಿ."